ಎಲ್ಲರೂ ಸಮಯಕ್ಕೆ ಬಂದ ಸಭೆ

ಹುಣಸಮಾರನಹಳ್ಳಿ

ನಾನು ಬುಡಾಪೆಸ್ಟಿಗೆ ಹೊರಟದ್ದು ಮಂಗಳವಾರ ಎಂದು ಟಿಕೆಟ್ ಹೇಳುತ್ತದೆ. ನನ್ನ ನೆನಪು ಬುಧವಾರ ಎನ್ನುತ್ತದೆ. ಇಂಥ ಜಗಳದಲ್ಲಿ ಕಾಗದದ ಮಾತನ್ನೇ ಎತ್ತಿಹಿಡಿಯಬೇಕು ಎಂದು ಇಪ್ಪತ್ತೆರಡು ವರ್ಷಗಳಿಂದ ವಿದ್ಯಾರ್ಥಿಗಳಿಗೆ ಕಲಿಸಿಕೊಂಡು ಬಂದವನು ನಾನು. ಹೋಗಿಬಂದ ಮೇಲೆ ಕಾಗದದ ಮೇಲಿನ ನಂಬಿಕೆ ಕೆಟ್ಟಿದೆ. ಹಾಗೆಂದು ನೆನಪಿನ ಮೇಲಿನ ನಂಬಿಕೆ ಹೆಚ್ಚಿಲ್ಲ. ಮುಂದೆ ಎಲ್ಲಾದರೂ ಸಂಗತಿ ತೀರಾ ಅಚ್ಚುಕಟ್ಟಾಗಿ ಕಂಡರೆ ಓದುವವರು ಅಲ್ಲಿ ನನ್ನ ಮೇಲೆ ಒಂದು ಕಣ್ಣಿಡುವುದು ಒಳ್ಳೆಯದು.

ಯಲಹಂಕದ ಕಡೆಯ ಕಾನೂನು ಕಾಲೇಜೊಂದರಲ್ಲಿ ನಾನು ಸಂವಿಧಾನ ಪಾಠ ಮಾಡುತ್ತೇನೆ. ಬುಡಾಪೆಸ್ಟಿನಲ್ಲಿದ್ದದ್ದು ದೇಶದೇಶಗಳ ಸಂವಿಧಾನಗಳನ್ನು ಅಕ್ಕಪಕ್ಕ ಇಟ್ಟು ನೋಡುವವರ ಸಮ್ಮೇಳನ. ವಿಷಯ, ಪ್ರಜಾಪ್ರಭುತ್ವ ಸವೆಯುವ ಬಗೆ. ನನ್ನ ಪ್ರಬಂಧದ ಸಾರ ಇಷ್ಟೇ: ಈಗ ಯಾರೂ ಟ್ಯಾಂಕು ತಂದು ಸಂಸತ್ತಿನ ಮುಂದೆ ನಿಲ್ಲಿಸುವುದಿಲ್ಲ, ಪೆನ್ನು ತರುತ್ತಾರೆ. ಅಧಿಕಾರದ ಅವಧಿ ಒಂದಿಷ್ಟು ಹಿಗ್ಗುತ್ತದೆ, ಕೋರಂ ಒಂದಿಷ್ಟು ಕುಗ್ಗುತ್ತದೆ, ನ್ಯಾಯಾಧೀಶರ ನಿವೃತ್ತಿ ವಯಸ್ಸು ಒಂದಿಷ್ಟು ಸರಿಯುತ್ತದೆ. ಬಿಡಿಬಿಡಿಯಾಗಿ ಹಿಡಿದು ಕೇಳಿದರೆ, ಇಂಥದ್ದೇ ನಿಯಮ ಇಂಥ ಮರ್ಯಾದಸ್ಥ ದೇಶದಲ್ಲೂ ಇದೆಯಲ್ಲ ಎಂಬ ಉತ್ತರ ಸಿದ್ಧವಾಗಿರುತ್ತದೆ. ಎಲ್ಲ ಒಟ್ಟು ಸೇರಿದಾಗ ಆಗುವುದು ಮಾತ್ರ ಯಾವ ದೇಶದಲ್ಲೂ ಇರಬಾರದಂಥದ್ದು.

ವಿಮಾನ ನಿಲ್ದಾಣದ ದಾರಿಯಲ್ಲಿ, ಹುಣಸಮಾರನಹಳ್ಳಿಯ ಹತ್ತಿರ ಟ್ಯಾಕ್ಸಿ ಸಿಕ್ಕಿಕೊಂಡು ನಿಂತಿದ್ದಾಗ ಮುನಿರಾಜಪ್ಪನವರ ಫೋನು ಬಂತು. ಬಾಗಲೂರು ರಸ್ತೆಯಲ್ಲಿ ನಾನಿರುವ ಅಪಾರ್ಟ್‌ಮೆಂಟು ಎದ್ದಿರುವುದು ಅವರ ಕುಟುಂಬದ ಹೊಲದ ಮೇಲೆ. ಎಂಬತ್ತನಾಲ್ಕು ಮನೆಗಳಲ್ಲಿ ಒಂಬತ್ತು ಅವರ ಪಾಲಿನವು. ನಾನು ಅಲ್ಲಿನ ಮಾಲೀಕರ ಸಂಘದ ಕಾರ್ಯದರ್ಶಿ. ಸಂಘದ ಬೈಲಾ ಬರೆದವನೂ ನಾನೇ.

"ಏನ್ ಮೇಷ್ಟ್ರೇ, ಫಾರಿನ್ನಾ? ಓಗ್ಬನ್ನಿ. ಇಮಾನ ಅತ್ತೋ ಮುಂಚೆ ಒಂದೇ ಒಂದ್ ಮಾತು."

"ಹೇಳಿ ಮುನಿರಾಜಪ್ಪನವರೇ."

"ಇಂದ್ಲು ಗೇಟ್ ಮುಚ್ಚಾಕೆ ಮೀಟಿಂಗ್ ಮಾಡಿದ್ರಲ್ಲ. ಆ ಮೀಟಿಂಗು ನಡೀತಾ?"

"ರಿಜಿಸ್ಟರ್‌ನಲ್ಲಿ ಇದೆಯಲ್ಲ."

"ರಿಜಿಸ್ಟ್ರು ನಾನೂ ನೋಡಿವ್ನಿ. ನನ್ ಸೈನೂ ಐತೆ ಅದ್ರಲ್ಲಿ. ಸೆಕ್ಯುರಿಟಿಯೋನು ಬಾಗ್ಲಿಗೆ ತಂದ, ನೀರಿನ್ ಟ್ಯಾಂಕ್ ತೊಳ್ಸೋದು ಅಂದ, ಆಕ್ದೆ. ನಾನ್ ಕೇಳ್ತಿರೋದು ರಿಜಿಸ್ಟ್ರನ್ನಲ್ಲ ಮೇಷ್ಟ್ರೇ, ನಿಮ್ಮನ್ನ."

ವಿಮಾನ ತಪ್ಪುತ್ತದೆ ಎಂದೆ. ಎದುರಿಗೆ ಒಂದು ವಾಹನವೂ ಅಲುಗುತ್ತಿರಲಿಲ್ಲ.

ಗೇಟಿನ ವಿಷಯ ಇಷ್ಟು. ಮುನಿರಾಜಪ್ಪನವರ ತೀರಿಹೋದ ಅಣ್ಣನ ಹೆಂಡತಿ ಚಿಕ್ಕತಾಯಮ್ಮ ನಮ್ಮ ಅಪಾರ್ಟ್‌ಮೆಂಟಿನ ಹಿಂಬದಿಯ ಹಳ್ಳಿಯಲ್ಲಿದ್ದಾರೆ. ಎಪ್ಪತ್ತು ದಾಟಿದೆ, ಎರಡೂ ಮಂಡಿ ಹೋಗಿವೆ. ದಿನಾ ಮಧ್ಯಾಹ್ನ ಸೊಪ್ಪಿನ ಬುಟ್ಟಿ ಹೊತ್ತು ನಮ್ಮ ಹಿಂದಿನ ಗೇಟಿನಿಂದ ಒಳಗೆ ಬಂದು, ಮುಂದಿನ ಗೇಟಿನಿಂದ ಹೊರಬಿದ್ದು, ಬಸ್‌ಸ್ಟಾಪಿನ ಬಳಿ ಕೂತು ಮಾರುತ್ತಿದ್ದರು. ಅಪಾರ್ಟ್‌ಮೆಂಟು ಬರುವ ಮುಂಚೆ ಅದು ಅವರ ಮನೆಯ ಹೊಲದ ಬದು. ಜಮೀನು ಕೊಡುವಾಗ ದಾರಿ ಬಿಡಬೇಕು ಎಂದು ಬಾಯಿಮಾತಿನಲ್ಲಿ ಒಪ್ಪಂದವಾಗಿತ್ತು. ಗೇಟಿನ ಹತ್ತಿರ ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುವರು. ಮತ್ತೆ ತಲೆಗೇರಿಸಲು ಅಲ್ಲಿ ಯಾರಿದ್ದರೆ ಅವರು ಒಂದು ಕೈ ಕೊಡುವರು. ನಾನೂ ಎಷ್ಟೋ ಸಲ ಕೊಟ್ಟಿದ್ದೆ. ಹೊರಗಿನವರ ಓಡಾಟ ನಿಲ್ಲಬೇಕು ಎಂದು ಸಂಘ ಆ ಗೇಟಿಗೆ ಬೀಗ ಹಾಕಿದ ಮೇಲೆ ಅವರು ಕೆರೆ ಏರಿ ಸುತ್ತಿ ಹೋಗುತ್ತಾರೆ.

ಬೀಗ ಹಾಕಲು ಠರಾವು ಬೇಕಿತ್ತು. ಠರಾವಿಗೆ ಸಭೆ ಬೇಕಿತ್ತು. ಸಭೆಯ ಬದಲಿಗೆ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಲಾಕ್‌ಡೌನಿನಲ್ಲಿ ಜನ ಸೇರುವಂತಿರಲಿಲ್ಲವಲ್ಲ, ಆಗ ನಾನು ನಡಾವಳಿ ಬರೆದುಕೊಡುತ್ತಿದ್ದೆ, ಸೆಕ್ಯುರಿಟಿಯವನು ರಿಜಿಸ್ಟರ್ ಹಿಡಿದು ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತಿದ್ದ. ತುರ್ತು ಏರ್ಪಾಡು. ರೋಗ ಹೋಯಿತು, ಏರ್ಪಾಡು ಉಳಿಯಿತು. ಆಮೇಲೆ ಕೆಲವು ಸಭೆಗಳು ನಡೆದವು, ಕೆಲವು ಬರೀ ಸಹಿಯಾದವು. ಯಾವುದು ಯಾವುದು ಎಂದು ಕಾಗದ ನೋಡಿ ಹೇಳಲು ಬರುವುದಿಲ್ಲ. ಎಲ್ಲವೂ ನನ್ನದೇ ಅಕ್ಷರ.

ಮುನಿರಾಜಪ್ಪ ದೂರು ಕೊಟ್ಟಿದ್ದರು. ಸಭೆ ನಿಜವಾಗಿ ನಡೆಯಿತೇ ಎಂದು ಕಾರ್ಯದರ್ಶಿ ಶುಕ್ರವಾರ ಸಂಜೆಯೊಳಗೆ ಲಿಖಿತವಾಗಿ ತಿಳಿಸಬೇಕು ಎಂದು ಸಂಘಗಳ ನೋಂದಣಿ ಕಚೇರಿಯಿಂದ ನೋಟಿಸು ಬಂದಿತ್ತು. ನಡೆದಿಲ್ಲ ಎಂದರೆ ಠರಾವು ಬಿದ್ದುಹೋಗುತ್ತದೆ, ಬೀಗ ತೆಗೆಯಬೇಕಾಗುತ್ತದೆ.

ದೋಹಾ

ವಿಮಾನ ಬದಲಿಸಲು ಕಾಯುವ ಹಜಾರದಲ್ಲಿ ಕುರ್ಚಿಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಯಾರಿಗೂ ಯಾರ ಮುಖವೂ ಕಾಣದು. ಸಂಘದ ಅಧ್ಯಕ್ಷರ ವಾಯ್ಸ್ ಮೆಸೇಜು ಅಲ್ಲಿ ಸಿಕ್ಕಿತು. ಇವರು ಬ್ಯಾಂಕಿನಿಂದ ನಿವೃತ್ತರಾದವರು, ದನಿಯಲ್ಲಿ ಇನ್ನೂ ಕೌಂಟರಿನ ಗಾಜು ಇದೆ.

"ಸೆಕ್ರೆಟರಿಗಳೇ, ಏನ್ ಸಮಾಚಾರ, ತಲುಪಿದ್ರಾ? ಶುಕ್ರವಾರದೊಳಗೆ ಒಂದು ಮೇಲ್ ಹಾಕ್ಬಿಡಿ. 'ಸಭೆ ನಡೆದಿದೆ', ಎರಡೇ ಪದ. ತಲೆ ಕೆಡಿಸ್ಕೋಬೇಡಿ. ಆರ್.ಟಿ. ನಗರ, ಹೆಬ್ಬಾಳ, ಎಲ್ಲಾ ಕಡೆ ಅಪಾರ್ಟ್‌ಮೆಂಟ್‌ಗಳಲ್ಲಿ ಹಿಂಗೇ ಕಣ್ರೀ ಮಾಡೋದು. ನಾನು ವಿಚಾರಿಸಿದೀನಿ."

ತುಲನಾತ್ಮಕ ಅಧ್ಯಯನವನ್ನು ನನಗಿಂತ ಚೊಕ್ಕವಾಗಿ ಮಾಡುವವರು ಮನೆಯಲ್ಲೇ ಇದ್ದರು.

ಆದರೆ ಆ ಕ್ಷಣ ನನಗೆ ಸಿಟ್ಟೇನೂ ಬರಲಿಲ್ಲ. ಏಕೆಂದರೆ ಕಣ್ಣು ಮುಚ್ಚಿದರೆ ಸಭೆ ಕಾಣುತ್ತಿತ್ತು. ಭಾನುವಾರ, ಬೆಳಿಗ್ಗೆ ಹತ್ತು ಗಂಟೆ, ಕ್ಲಬ್‌ಹೌಸಿನ ನೀಲಿ ಕುರ್ಚಿಗಳು, ಅಧ್ಯಕ್ಷರ ಸ್ವಾಗತ, ಚರ್ಚೆ, ಒಮ್ಮತ, ವಂದನಾರ್ಪಣೆ. ನಡೆದೇ ಇದೆ ಅಂದುಕೊಂಡು ಹಾಯಾಗಿ ನಿದ್ದೆ ಮಾಡಿದೆ. ನಡೆದಿಲ್ಲ ಎಂದು ಒಳಗೆ ಗೊತ್ತಿತ್ತೇ? ಗೊತ್ತಿತ್ತು ಎಂದು ಈಗ ಬರೆದರೆ ನಾನು ಕೆಟ್ಟವನಾದರೂ ಬುದ್ಧಿವಂತನಾಗುತ್ತೇನೆ. ಅಷ್ಟೂ ಆಗಿರಲಿಲ್ಲ.

ಬುಡಾಪೆಸ್ಟ್, ಟ್ರಾಮು

ಹೋಟೆಲಿಗೆ ಕರೆಯಲು ಬಂದವರು ಇಲೋನಾ. ಎಪ್ಪತ್ತೈದರ ಹತ್ತಿರದ ಹೆಂಗಸು, ಗಂಡಸರ ಮಳೆಯಂಗಿ, ಬೆನ್ನಿಗೆ ಶಾಲೆ ಮಕ್ಕಳಂತೆ ಚೀಲ. ಹಿಂದೆ ನ್ಯಾಯಾಧೀಶೆಯಾಗಿದ್ದವರು; ಈಗ ಸಮ್ಮೇಳನಗಳಿಗೆ ಬರುವ ನನ್ನಂಥವರಿಗೆ ಊರು ತೋರಿಸುತ್ತಾರೆ. ಅವರ ಇಂಗ್ಲಿಷನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ತರುವಾಗ ಅಲ್ಲಲ್ಲಿ ಇಸ್ತ್ರಿ ಹಾಕಿರಬಹುದು.

ನದಿ ದಂಡೆಯ ಟ್ರಾಮಿನಲ್ಲಿ ತೋಳಿಗೆ ಪಟ್ಟಿ ಕಟ್ಟಿದ ತಪಾಸಣೆಯ ಹೆಂಗಸು ಬಂದಳು. ನಾನು ಠೀವಿಯಿಂದ ಟಿಕೆಟ್ ತೋರಿಸಿದೆ. ಅವಳು ಆಗದೆಂದು ತಲೆಯಾಡಿಸಿದಳು. ಟಿಕೆಟ್ ಕೊಂಡರಷ್ಟೇ ಸಾಲದು, ಹತ್ತಿದ ಕೂಡಲೇ ಕಂಬದ ಮೇಲಿನ ಯಂತ್ರಕ್ಕೆ ತೂರಿಸಿ ಮುದ್ರೆ ಬೀಳಿಸಬೇಕಂತೆ. ನಮ್ಮ ಬಸ್ಸಿನ ಕಂಡಕ್ಟರಾಗಿದ್ದರೆ, "ಏನ್ ಸಾರ್, ಓದಿರೋರು ನೀವೇ ಹಿಂಗ್ ಮಾಡಿದ್ರೆ" ಎಂದು ಇಡೀ ಬಸ್ಸಿಗೆ ಕೇಳುವ ಹಾಗೆ ಮಾನ ತೆಗೆದು ಬಿಟ್ಟುಬಿಡುತ್ತಿದ್ದ. ಇವಳು ಗೌರವದಿಂದ ದಂಡ ಹಾಕಿದಳು.

ಇಲೋನಾ ನನ್ನ ಪರವಾಗಿ ಒಂದು ಮಾತನ್ನೂ ಆಡಲಿಲ್ಲ.

"ನೀವು ನ್ಯಾಯಾಧೀಶರಾಗಿದ್ದವರು. ಸ್ವಲ್ಪ ಹೇಳಬಹುದಿತ್ತು," ಎಂದೆ.

"ಹೇಳುವುದಕ್ಕೆ ಏನಿತ್ತು? ಮುದ್ರೆ ಇರಲಿಲ್ಲ."

"ಪ್ರಯಾಣ ನಿಜ, ಹಣ ನಿಜ. ಮುದ್ರೆಯೊಂದೇ ಇಲ್ಲ."

"ನಮ್ಮಲ್ಲಿ ಆಗಾಗ ಇದರ ತಿರುಗುಮುರುಗು ಆಗುತ್ತದೆ," ಎಂದು ಅವರು ಕಿಟಕಿಯತ್ತ ತಿರುಗಿದರು. "ಮುದ್ರೆಯೊಂದೇ ಇರುತ್ತದೆ."

ಕಿಟಕಿಯಾಚೆ ಸಂಸತ್ ಭವನ ಹಾದುಹೋಗುತ್ತಿತ್ತು. ಪಕ್ಕದವರೆಲ್ಲ ಫೋಟೋ ತೆಗೆದರು. ನಾನು ದಂಡದ ರಸೀದಿಯನ್ನು ಮಡಚಿ ಜೇಬಿಗಿಟ್ಟೆ.

ಬಿಸಿನೀರಿನ ಕೊಳ

ಗುರುವಾರ ಮಧ್ಯಾಹ್ನ ಅಧಿವೇಶನ ತಪ್ಪಿಸಿ ಅವರು ನನ್ನನ್ನು ಬಿಸಿನೀರಿನ ಕೊಳಕ್ಕೆ ಕರೆದುಕೊಂಡು ಹೋದರು. ಭೂಮಿಯಿಂದ ತಾನಾಗಿ ಉಕ್ಕುವ ನೀರು, ಸಣ್ಣಗೆ ಗಂಧಕದ ವಾಸನೆ. ಎದೆಯುದ್ದ ನೀರಿನಲ್ಲಿ ನಿಂತು ಮುದುಕರು ಚದುರಂಗ ಆಡುತ್ತಾರೆ. ಸುತ್ತ ನಿಂತವರು ಬಾಯಿ ಬಿಡದೆ ನೋಡುತ್ತಾರೆ. ನಮ್ಮ ಕಡೆಯಾಗಿದ್ದರೆ ನೋಡುವವರೇ ಆಟ ಮುಗಿಸಿರುತ್ತಿದ್ದರು.

ಈಜುವ ಕೊಳಕ್ಕೆ ಇಳಿಯಹೋದಾಗ ಕಾವಲಿನವನು ಸೀಟಿ ಊದಿದ. ಕೂದಲು ನೀರಿಗೆ ಬೀಳದಂತೆ ತಲೆಗೆ ರಬ್ಬರ್ ಟೋಪಿ ಕಡ್ಡಾಯ. ನನ್ನ ತಲೆಯಲ್ಲಿ ಕೂದಲಿಲ್ಲದೆ ಹತ್ತು ವರ್ಷವಾಯಿತು. ತೋರಿಸಿದೆ. ಅವನು ಫಲಕ ತೋರಿಸಿದ. ಕೊನೆಗೆ ಬೋಳುತಲೆಗೆ ಹಳದಿ ಟೋಪಿ ಎಳೆದುಕೊಂಡು ಇಳಿದೆ. ಇಲೋನಾ ನೀರಿನಲ್ಲಿ ಕೆಮ್ಮು ಬರುವಷ್ಟು ನಕ್ಕರು.

ಆಮೇಲೆ ಬಿಸಿ ಕೊಳದ ಕಲ್ಲಿನ ಮೆಟ್ಟಿಲ ಮೇಲೆ ಕೂತು ತಮ್ಮ ಕಥೆ ಹೇಳಿದರು. ಅವರಿಗೆ ಅರವತ್ತೆರಡಾಗಿದ್ದಾಗ ನ್ಯಾಯಾಧೀಶರ ನಿವೃತ್ತಿ ವಯಸ್ಸನ್ನು ಎಪ್ಪತ್ತರಿಂದ ಅರವತ್ತೆರಡಕ್ಕೆ ಇಳಿಸಿದರು. ಯಾರನ್ನೂ ವಜಾ ಮಾಡಲಿಲ್ಲ. ಹುಟ್ಟಿದ ದಿನಾಂಕವೇ ಎಲ್ಲ ಕೆಲಸ ಮಾಡಿತು. ಸಹೋದ್ಯೋಗಿಗಳು ಕೇಕ್ ತಂದರು, ಹೂ ಕೊಟ್ಟರು. ಆಮೇಲೆ ಅದು ತಪ್ಪೆಂದು ದೊಡ್ಡ ನ್ಯಾಯಾಲಯ ಹೇಳಿತು. ಅಷ್ಟರಲ್ಲಿ ಅವರ ಕುರ್ಚಿಯಲ್ಲಿ ಇನ್ನೊಬ್ಬರು ಕೂತು ಅಭ್ಯಾಸವಾಗಿತ್ತು.

"ಸರ್ಕಾರಗಳು ಬರುತ್ತವೆ, ಹೋಗುತ್ತವೆ," ಎಂದರು. "ನನಗೆ ಇನ್ನೂ ಅರಗದ್ದು ಆ ಕೇಕು. ನಾನೂ ಒಂದು ತುಂಡು ತಿಂದೆ, ಚೆನ್ನಾಗಿದೆ ಎಂದೆ."

ಆ ಮಾತಿಗೋ ನೀರಿನ ಬಿಸಿಗೋ, ನಾನೂ ಒಂದು ಕಥೆ ಹೇಳಿದೆ. ನಮ್ಮೂರಿನ ಒಂದು ಗೇಟು, ಒಬ್ಬ ಮುದುಕಿ, ಒಂದು ರಿಜಿಸ್ಟರು, ಒಬ್ಬ ಕಾರ್ಯದರ್ಶಿ.

"ಆ ಕಾರ್ಯದರ್ಶಿ ಈಗ ಹಳದಿ ಟೋಪಿ ಹಾಕಿಕೊಂಡಿದ್ದಾರೆಯೇ?" ಎಂದರು ಇಲೋನಾ.

ಟೋಪಿ ತೆಗೆದೆ.

"ಆ ಸಭೆ ನಡೆದದ್ದು ನಿಮಗೆ ನೆನಪಿದೆಯೇ?"

"ಚೆನ್ನಾಗಿ ನೆನಪಿದೆ." ಹೇಳಿದೆ ಕೂಡ: ಭಾನುವಾರ, ಹತ್ತು ಗಂಟೆ, ಐವತ್ತೊಂದು ಜನ, ಸೂಚಿಸಿದವರು, ಅನುಮೋದಿಸಿದವರು, ಹನ್ನೊಂದಕ್ಕೆ ವಂದನೆ.

"ಯಾರು ತಡವಾಗಿ ಬಂದರು?"

"ಯಾರೂ ಇಲ್ಲ."

"ಮಧ್ಯದಲ್ಲಿ ಎದ್ದು ಹೋದವರು?"

"ಇಲ್ಲ."

"ಜಗಳ? ಸಂಬಂಧವಿಲ್ಲದ ಮಾತು? ಯಾರದಾದರೂ ಫೋನು?"

ನಾನು ಹುಡುಕಿದೆ. ಎಲ್ಲಿ ಹುಡುಕಿದರೂ ನೀಲಿ ಕುರ್ಚಿಗಳು ಸಾಲಾಗಿದ್ದವು. ಕುರ್ಚಿಗಳ ಮೇಲೆ ಮುಖಗಳಿರಲಿಲ್ಲ, ಹೆಸರುಗಳಿದ್ದವು, ಕ್ರಮಸಂಖ್ಯೆಯ ಪ್ರಕಾರ.

"ಐವತ್ತೊಂದು ಜನ ಭಾರತೀಯರು," ಎಂದು ಇಲೋನಾ ನಿಧಾನವಾಗಿ ಹೇಳಿದರು, "ಹತ್ತಕ್ಕೆ ಸರಿಯಾಗಿ ಬಂದು, ಹನ್ನೊಂದಕ್ಕೆ ಒಂದೇ ಅಭಿಪ್ರಾಯದಿಂದ ಮನೆಗೆ ಹೋದರು. ನಾನು ನಿಮ್ಮ ದೇಶಕ್ಕೆ ಬಂದಿರುವುದು ಒಂದೇ ಸಲ. ಆದರೂ ಪ್ರೊಫೆಸರ್..."

ಚದುರಂಗದ ಕಡೆಯಿಂದ ಯಾರೋ ಒಬ್ಬರು ಸೋತ ಸದ್ದು ಬಂತು.

ನಮ್ಮ ಸಂಘದ ನಿಜವಾದ ಸಭೆಗಳು ಹೇಗಿರುತ್ತವೆ ಎಂದು ನನಗೆ ಗೊತ್ತು. ಕರೆದ ಹೊತ್ತಿಗೆ ಇರುವುದು ಅಧ್ಯಕ್ಷರು ಮತ್ತು ನಾನು. ಪಾರ್ಕಿಂಗ್ ಬಗ್ಗೆ ಕೂಗಾಟ, ಯಾರದೋ ನಾಯಿಯ ಬಗ್ಗೆ ಕಣ್ಣೀರು, ಕಾರ್ಯಸೂಚಿಯ ಮೊದಲ ಅಂಶಕ್ಕೆ ಬರುವಷ್ಟರಲ್ಲಿ ಅರ್ಧ ಜನ ಊಟಕ್ಕೆ ಹೋಗಿರುತ್ತಾರೆ. ನನಗೆ ನೆನಪಿದ್ದದ್ದು ಸಭೆಯಲ್ಲ. ನಾನು ಬರೆದ ಒಂದೂವರೆ ಪುಟ. ಬರೆದದ್ದನ್ನು ಓದಿ ಓದಿ ಕಂಡದ್ದೆಂದು ನಂಬಿಕೊಂಡಿದ್ದೆ. ಯಾರಿಗೋ ಮೋಸ ಮಾಡಿದ್ದೇನೆ ಎಂಬ ಕಹಿಗಿಂತ, ಅಷ್ಟು ಸುಲಭವಾಗಿ ನಾನೇ ಮೋಸ ಹೋಗಿದ್ದೇನೆ ಎಂಬುದು ಹೆಚ್ಚು ಕಹಿಯಾಗಿತ್ತು. ಇದು ಒಳ್ಳೆಯ ಮನುಷ್ಯನ ಲಕ್ಷಣವಲ್ಲ ಎಂದು ಬಲ್ಲೆ.

ಶುಕ್ರವಾರ, ಕಾರಿಡಾರು

ನನ್ನ ಪ್ರಬಂಧಕ್ಕೆ ಚೆನ್ನಾಗಿ ಚಪ್ಪಾಳೆ ಬಿತ್ತು. ಪೆನ್ನು ಮತ್ತು ಟ್ಯಾಂಕಿನ ಸಾಲು ಬಂದಾಗ ಹಲವರು ಬರೆದುಕೊಂಡರು. ಪ್ರಶ್ನೆಯ ಹೊತ್ತಿನಲ್ಲಿ ಒಬ್ಬ ತರುಣಿ ಎದ್ದು, "ಇಂಥ ಪೆನ್ನು ಹಿಡಿಯುವವರು ಎಂಥ ಜನ? ನೀವು ಯಾರನ್ನಾದರೂ ಹತ್ತಿರದಿಂದ ನೋಡಿದ್ದೀರಾ?" ಎಂದು ಕೇಳಿದಳು. ಮೂರು ದೇಶಗಳ ಉದಾಹರಣೆ ಕೊಟ್ಟೆ. ಹಿಂದಿನ ಸಾಲಿನಲ್ಲಿದ್ದ ಇಲೋನಾ ತಮ್ಮ ಚೀಲದಲ್ಲಿ ಏನನ್ನೋ ಹುಡುಕತೊಡಗಿದರು.

ಅಲ್ಲಿ ಮಧ್ಯಾಹ್ನ ಒಂದೂವರೆಯಾದರೆ ಬೆಂಗಳೂರಿನಲ್ಲಿ ಸಂಜೆ ಐದು. ಒಂದು ಗಂಟೆಗೆ, ಕಾರಿಡಾರಿನ ಕಾಫಿ ಮೇಜಿನ ಪಕ್ಕ ನಿಂತು ಫೋನಿನಲ್ಲೇ ಬರೆದೆ. "ಸದರಿ ಸಭೆ ನಡೆದಿಲ್ಲ. ನಡಾವಳಿಯನ್ನು ನಾನೇ ಬರೆದಿದ್ದೇನೆ. ಸಹಿಗಳನ್ನು ಮನೆಮನೆಯಿಂದ ಪಡೆಯಲಾಗಿದೆ." 'ಪಡೆಯಲಾಗಿದೆ' ಎಂಬುದನ್ನು ಅಳಿಸಿ 'ಪಡೆದಿದ್ದೇನೆ' ಎಂದು ತಿದ್ದಿ, ಅಧ್ಯಕ್ಷರಿಗೂ ಒಂದು ಪ್ರತಿ ಹಾಕಿ ಕಳಿಸಿದೆ.

ಐದೇ ನಿಮಿಷಕ್ಕೆ ಅಧ್ಯಕ್ಷರ ಫೋನು.

"ಏನ್ರೀ ಇದು? ಯೂರೋಪ್ ಗಾಳಿ ತಾಗ್ತಾ? ಎರಡು ಪದ ಬರಿಯೋಕೆ ಹೇಳಿದ್ದೆ ನಾನು!"

"ಎರಡೇ ಪದ ಸಾರ್, ಸಭೆ ನಡೆದಿಲ್ಲ."

"ಹೋಗ್ಲಿ ಬಿಡಿ," ಎಂದರು, ನಾನು ಹೆದರುವಷ್ಟು ಶಾಂತವಾಗಿ. "ನಡೆದಿಲ್ಲ ತಾನೇ? ನಡೆಸೋಣ."

ಬಾಗಲೂರು ರಸ್ತೆ

ನಾನು ಮರಳಿದ ಮರುದಿನವೇ ಬೀಗ ತೆಗೆದರು. ಮುನಿರಾಜಪ್ಪ ನಮ್ಮ ಮನೆಗೆ ಒಂದು ಮೂಟೆ ಹಲಸಿನಹಣ್ಣು ತಂದು ಇಳಿಸಿದರು. "ಮೇಷ್ಟ್ರೇ, ನಿಮ್ ಬಾಯಿಂದ ದಿಟ ಬರ್ಸಾಕೆ ನಿಮ್ಮನ್ನ ಫಾರಿನ್‌ಗೇ ಕಳಿಸ್ಬೇಕಾಯ್ತಲ್ಲ," ಎಂದು ನಕ್ಕರು. ಹದಿನೆಂಟು ದಿನ ಚಿಕ್ಕತಾಯಮ್ಮ ಆ ದಾರಿಯಲ್ಲಿ ಓಡಾಡಿದರು.

ಹತ್ತೊಂಬತ್ತನೆಯ ದಿನ ಸಭೆ. ನೋಟಿಸನ್ನು ನಾನೇ ಕಳಿಸಿದ್ದೆ, ಬೈಲಾದ ಪ್ರಕಾರ, ಹದಿನಾಲ್ಕು ದಿನ ಮುಂಚೆ. ಹತ್ತಕ್ಕೆ ಕರೆದದ್ದು ಹತ್ತು ಐವತ್ತಕ್ಕೆ ಶುರುವಾಯಿತು. ಆಮೇಲೂ ಜನ ಬರುತ್ತಲೇ ಇದ್ದರು. ಕುರ್ಚಿ ಸಾಲಲಿಲ್ಲ, ಟೀ ಮುಗಿಯಿತು, ಮೈಕು ಕಿರುಚಿತು. ನಾಯಿಯ ವಿಷಯ ಬಂದು ಹೋಯಿತು. ನಾನು ಎದ್ದು ಮಾತಾಡಿದೆ: ಬಾಯಿಮಾತಿನ ಒಪ್ಪಂದದ ಬಗ್ಗೆ, ತಲೆಮಾರುಗಳಿಂದ ನಡೆದ ದಾರಿಗೆ ಕಾನೂನು ಕೊಡುವ ಹಕ್ಕಿನ ಬಗ್ಗೆ, ಬಹುಮತ ಕೈಯಿಡಬಾರದ ಕೆಲವು ಸಂಗತಿಗಳು ಇರುತ್ತವೆ ಎಂಬುದರ ಬಗ್ಗೆ. ಬುಡಾಪೆಸ್ಟಿಗಿಂತ ಚೆನ್ನಾಗಿ ಮಾತಾಡಿದೆನೆಂದು ಕಾಣುತ್ತದೆ. ಎಲ್ಲರೂ ಕೇಳಿದರು.

"ಹಕ್ಕಿದ್ರೆ ಕೋರ್ಟಿಗೆ ಹೋಗ್ಲಿ ಸಾರ್," ಎಂದು ಹಿಂದಿನಿಂದ ಒಬ್ಬರು ಅಂದರು. "ಅವ್ರ ವಯಸ್ಸಿಗೆ ತೀರ್ಪು ಬರೋ ಹೊತ್ತಿಗೆ..." ಎಂದು ಇನ್ನೊಬ್ಬರು ಶುರು ಮಾಡಿ ನಿಲ್ಲಿಸಿದರು.

ಸಂಘದಲ್ಲಿ ಮನೆಗೊಂದು ಮತ. ಮುನಿರಾಜಪ್ಪನವರ ಒಂಬತ್ತು ಮನೆಗಳಲ್ಲಿ ಆರು ಈಗ ಮಗನ ಹೆಸರಿನಲ್ಲಿವೆ. ಮಗ ಬೀಗದ ಪರ ಕೈ ಎತ್ತಿದ. "ಅಪ್ಪಾ, ಸೀನ್ ಮಾಡ್ಬೇಡ. ದೊಡ್ಡಮ್ಮನ್ನ ದಿನಾ ನಾನೇ ಬೈಕಲ್ಲಿ ಡ್ರಾಪ್ ಮಾಡ್ತೀನಿ."

"ನೀನು ಮದ್ಯಾನಕ್ಕೆ ಎದ್ದೇಳೋನು ಕಣ್ಲಾ," ಎಂದರು ಮುನಿರಾಜಪ್ಪ. ಜನ ನಕ್ಕರು. ಅವರೊಬ್ಬರೇ ಎದ್ದು ನಿಂತು ವಿರುದ್ಧ ಕೈ ಎತ್ತಿದರು. ಒಂದು ಕೈ, ಮೂರು ಮತ.

ನಾನು ಕೈ ಎತ್ತಲಿಲ್ಲ. ನಡಾವಳಿ ಬರೆಯುವವರು ಮತ ಹಾಕುವಂತಿಲ್ಲ ಎಂದು ಬೈಲಾದಲ್ಲಿದೆ. ಬರೆಯುವವನು ಯಾರ ಪಕ್ಷದವನೂ ಆಗಿರಬಾರದೆಂದು, ಯಾವುದೋ ಮರ್ಯಾದಸ್ಥ ದೇಶದ ನಿಯಮ ನೋಡಿ, ನಾನೇ ಸೇರಿಸಿದ್ದು. ಪರವಾಗಿ ಐವತ್ತೆಂಟು, ವಿರುದ್ಧ ಮೂರು. ಯಾರು ಎಷ್ಟು ತಡವಾಗಿ ಬಂದರು, ಯಾರು ನಡುವೆ ಎದ್ದು ಹೋದರು, ಯಾರ ಫೋನು ಎರಡು ಸಲ ಬಡಿದುಕೊಂಡಿತು, ಎಲ್ಲವನ್ನೂ ಬರೆದೆ. ಇಷ್ಟು ನಿಜವಾದ ನಡಾವಳಿಯನ್ನು ನಾನು ಜೀವಮಾನದಲ್ಲಿ ಬರೆದಿರಲಿಲ್ಲ.

ಮುಗಿಯುವಾಗ ಎರಡು ಗಂಟೆ ಮೀರಿತ್ತು. ಹಿಂದಿನ ಗೇಟಿಗೆ ಹೋದೆ. ಸೆಕ್ಯುರಿಟಿಯವನು ಆಗಲೇ ಬೀಗ ತಿರುಗಿಸುತ್ತಿದ್ದ. ಚಿಕ್ಕತಾಯಮ್ಮ ಆಚೆ ಬದಿಯಲ್ಲಿ ಬುಟ್ಟಿ ಇಳಿಸಿಕೊಂಡು ಕೂತಿದ್ದರು. ದಂಟು, ಸಬ್ಬಸಿಗೆ, ಮೇಲೆ ಒದ್ದೆ ಗೋಣಿ.

"ಮೀಟಿಂಗ್ ಆಯ್ತಾ ಸಾಮಿ?"

"ಆಯ್ತಮ್ಮ."

"ಈ ಸತಿ ದಿಟ್ವಾಗ್ಲೂ ಆಯ್ತಾ?"

"ಆಯ್ತು."

"ಎಲ್ರೂ ಬಂದಿದ್ರಾ?"

"ಎಲ್ಲರೂ ಬಂದಿದ್ರು."

ಅವರು ಬೀಗವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಅಂಗಾದ್ರೆ ಸರಿ ಬುಡು," ಎಂದು ಸೆರಗಿನ ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡರು. "ಒಸಿ ಕೈ ಕೊಡು ಬಾ."

ಬೀಗ ತೆಗೆಸಿ ಆಚೆ ಹೋದೆ. ಬುಟ್ಟಿಯ ಒಂದು ಬದಿ ಅವರು, ಇನ್ನೊಂದು ಬದಿ ನಾನು ಹಿಡಿದು ತಲೆಗೇರಿಸಿದೆವು. ಅವರು ಕೆರೆ ಏರಿಯ ಕಡೆ ತಿರುಗಿದರು. ನಾನು ಒಳಗೆ ಬಂದೆ, ನನ್ನ ಹಿಂದೆ ಬೀಗ ಬಿತ್ತು. ಕ್ಲಬ್‌ಹೌಸಿನ ಮೇಜಿನ ಮೇಲೆ ರಿಜಿಸ್ಟರು ತೆರೆದೇ ಇತ್ತು. ಕಾರ್ಯದರ್ಶಿಯ ಸಹಿ ಒಂದು ಬಾಕಿಯಿತ್ತು.